ತರಬೇತಿ ಮುಗಿಯಿತು, ಇನ್ನು ಮುಖ್ಯ ಶಿಕ್ಷಕರ ಜೊತೆ ನಿಲ್ಲುವವರು ಯಾರು?

ಹೊಸ ಎಚ್‌ಎಂ

ಎಲ್ಲರಿಗೂ ನಮಸ್ಕಾರ. ಈ ವರ್ಷ ಮುಖ್ಯ ಶಿಕ್ಷಕಿಯಾಗಿ ಜವಾಬ್ದಾರಿ ವಹಿಸಿಕೊಂಡಿದ್ದೇನೆ. ಅದಕ್ಕೂ ಮೊದಲು ಇದೇ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಹುದ್ದೆಗೆ ಬರುವ ಮುಂಚೆ ತರಬೇತಿ ಕೊಟ್ಟರು. ನಿಯಮಗಳು, ಲೆಕ್ಕಪತ್ರ, ಶಾಲಾ ಅಭಿವೃದ್ಧಿ ಯೋಜನೆ ಎಲ್ಲ ಹೇಳಿಕೊಟ್ಟರು. ಚೆನ್ನಾಗಿಯೇ ಇತ್ತು. ಆದರೆ ಈಗ ನನ್ನ ತಲೆ ತಿನ್ನುತ್ತಿರುವ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ.

ನಮ್ಮಲ್ಲಿ ಒಬ್ಬ ಹಿರಿಯ ಮೇಡಂ ಇದ್ದಾರೆ. ನಾನು ಹೊಸದಾಗಿ ಸೇರಿದಾಗ ತರಗತಿ ನಿಭಾಯಿಸುವುದನ್ನು ಕಲಿಸಿದವರೇ ಅವರು. ಈಗ ಅವರ ತರಗತಿಯಲ್ಲಿ ಹೋಗಿ ಕೂತರೆ ಪಿರಿಯಡ್ ಪೂರ್ತಿ ಮಕ್ಕಳು ಬೋರ್ಡ್ ನೋಡಿ ಬರೆದುಕೊಳ್ಳುತ್ತಾರೆ. ಅಷ್ಟೇ. ಒಂದು ಪ್ರಶ್ನೆ ಇಲ್ಲ, ಒಂದು ಮಾತಿಲ್ಲ. ನಾನು ಇದನ್ನು ಅವರಿಗೆ ಹೇಳಲೇಬೇಕು. ಹೇಗೆ ಶುರು ಮಾಡಬೇಕು ಅಂತ ಯಾರನ್ನು ಕೇಳಲಿ? ಸ್ಟಾಫ್ ರೂಮಿನಲ್ಲಿ ಕೇಳುವ ಹಾಗಿಲ್ಲ. ಮೇಲಿನವರನ್ನು ಕೇಳಿದರೆ ಇವರಿಗೆ ಕೈಲಾಗುವುದಿಲ್ಲ ಅಂದುಕೊಳ್ಳಬಹುದು.

ಆಡಳಿತ ಮಂಡಳಿಯವರು ಒಬ್ಬ ಮೆಂಟರ್ ಅಥವಾ ಕೋಚ್ ಕೊಡಲು ತಯಾರಿದ್ದಾರೆ. ಎರಡರಲ್ಲಿ ಯಾವುದು ಬೇಕು ಅಂತ ನನ್ನನ್ನೇ ಕೇಳಿದ್ದಾರೆ. ಅನುಭವ ಇದ್ದವರು ಹೇಳಿ. ಇದರಿಂದ ನಿಜವಾಗಿ ಏನು ಬದಲಾಗುತ್ತದೆ?

ನಿವೃತ್ತ ಮುಖ್ಯೋಪಾಧ್ಯಾಯ

ಮೇಡಂ, ನಾನು ಈಗ ಹೊಸ ಎಚ್‌ಎಂಗಳಿಗೆ ಮೆಂಟರ್ ಆಗಿ ಹೋಗುತ್ತೇನೆ. ನನ್ನ ಕಡೆಯಿಂದ ಹೇಳುತ್ತೇನೆ.

ಮೆಂಟರ್ ಅಂದರೆ ಆ ದಾರಿಯಲ್ಲಿ ಮೊದಲೇ ನಡೆದವರು. ಮಗು ಬಿದ್ದು ತಲೆಗೆ ಪೆಟ್ಟಾಯಿತು. ಮೊದಲು ಯಾರಿಗೆ ಫೋನ್ ಮಾಡಬೇಕು, ಏನು ಬರೆದಿಡಬೇಕು? ಇಬ್ಬರು ಟೀಚರ್ ಒಂದೇ ದಿನ ರಜೆ ಕೇಳಿದರು. ಟೈಮ್‌ಟೇಬಲ್ ಹೇಗೆ ಸರಿಮಾಡುವುದು? ಸಿಟ್ಟಾಗಿ ಬಂದ ಪೋಷಕರನ್ನು ಎಲ್ಲಿ ಕೂರಿಸಿ ಮಾತಾಡುವುದು? ಇವಕ್ಕೆ "ನಿಮಗೇನನ್ನಿಸುತ್ತೆ?" ಅಂತ ತಿರುಗಿ ಕೇಳುತ್ತಾ ಕೂರಬಾರದು. ಗೊತ್ತಿರುವವರು ನೇರವಾಗಿ ಹೇಳಿಬಿಡಬೇಕು.

ಇನ್ನೊಂದು ಸಹಾಯವೂ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕ್ಯಾಥಿ ಕ್ರಾಮ್ ಎಂಬ ಸಂಶೋಧಕಿ 1980ರ ದಶಕದಲ್ಲಿ ಮೆಂಟರಿಂಗ್ ಬಗ್ಗೆ ಆಳವಾಗಿ ಕೆಲಸ ಮಾಡಿದರು. ಮೆಂಟರ್ ಕೊಡುವುದು ಎರಡು ಬಗೆಯ ಆಸರೆ ಅಂತ ಅವರು ತೋರಿಸಿದರು. ಒಂದು, ವೃತ್ತಿಯಲ್ಲಿ ಮುಂದೆ ಬರಲು ಬೇಕಾದ ಸಹಾಯ. ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು: ಧೈರ್ಯ, ಸ್ನೇಹ, "ನೀವು ಈ ಕೆಲಸಕ್ಕೆ ತಕ್ಕವರು" ಎಂಬ ನಂಬಿಕೆ. ಮೊದಲ ವರ್ಷದಲ್ಲಿ ಈ ಎರಡನೆಯದು ಜಾಸ್ತಿ ಬೇಕಾಗುತ್ತದೆ. ನಿನ್ನೆಯವರೆಗೆ ಸ್ಟಾಫ್ ರೂಮಿನಲ್ಲಿ ಜೊತೆಗೆ ನಗುತ್ತಿದ್ದವರು ಇವತ್ತು ನೀವು ಒಳಗೆ ಬಂದ ತಕ್ಷಣ ಮಾತು ನಿಲ್ಲಿಸುತ್ತಾರೆ. ಅದನ್ನು ಹೇಳಿಕೊಳ್ಳಲು ಒಬ್ಬರು ಬೇಕು.

ಶಾಲಾ ಕೋಚ್

ಸರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನಾನು ಕೋಚ್ ಆಗಿ ಕೆಲಸ ಮಾಡುವವಳು, ಆ ಕಡೆಯದನ್ನು ಹೇಳುತ್ತೇನೆ.

ಕೋಚ್ ಉತ್ತರ ಕೊಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ ಅಂತ ಜನ ಹೇಳುವುದುಂಟು. ಅದು ಅರ್ಧ ಮಾತ್ರ. ಒಳ್ಳೆಯ ಕೋಚ್ ಮೊದಲು ನೋಡುತ್ತಾರೆ. ಎಚ್‌ಎಂ ಕೋಣೆಯಲ್ಲಿ ಕೂತು ಹರಟಿದರೆ ಏನೂ ಆಗುವುದಿಲ್ಲ. ಅವರು ಸ್ಟಾಫ್ ಮೀಟಿಂಗ್ ನಡೆಸುವಾಗ, ಟೀಚರ್ ಜೊತೆ ಪಾಠದ ಬಗ್ಗೆ ಮಾತಾಡುವಾಗ ಪಕ್ಕದಲ್ಲಿರಬೇಕು.

ಒಂದು ಉದಾಹರಣೆ. ಒಬ್ಬ ಎಚ್‌ಎಂ ಸರ್ ಹೇಳುತ್ತಿದ್ದರು, "ನಮ್ಮ ಮೀಟಿಂಗ್‌ನಲ್ಲಿ ಯಾರೂ ಬಾಯೇ ಬಿಡಲ್ಲ, ಎಲ್ಲ ನಾನೇ ಹೇಳಬೇಕು." ನಾನು ಮುಂದಿನ ಮೀಟಿಂಗ್‌ನಲ್ಲಿ ಮೂಲೆಯಲ್ಲಿ ಕೂತು ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಬರೆದುಕೊಂಡೆ. 40 ನಿಮಿಷದ ಮೀಟಿಂಗ್‌ನಲ್ಲಿ ಅವರ ಮಾತೇ 31 ನಿಮಿಷ. "ಏನಾದರೂ ಹೇಳುವುದಿದೆಯಾ?" ಅಂತ ಕೇಳುತ್ತಿದ್ದರು, ಉಸಿರು ಬಿಡುವಷ್ಟರಲ್ಲಿ ತಾವೇ ಮುಂದುವರಿಸುತ್ತಿದ್ದರು. ಆ ಹಾಳೆಯನ್ನು ಅವರ ಮುಂದಿಟ್ಟೆ. ಟೀಕೆ ಮಾಡಲಿಲ್ಲ. "ಇದರಲ್ಲಿ ನಿಮಗೆ ಏನು ಕಾಣಿಸುತ್ತೆ ಸರ್?" ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ನಾನು ಅವರಿಗೆ ಜಾಗವನ್ನೇ ಬಿಟ್ಟಿಲ್ಲ" ಅಂದರು. ಮುಂದಿನ ಸಲಕ್ಕೆ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ ದಾರಿಯನ್ನೂ ಅವರೇ ಹುಡುಕಿದರು. ವಿಷಯವನ್ನು ಹಿಂದಿನ ದಿನವೇ ಬರೆದು ಕಳಿಸುವುದು, ಮೀಟಿಂಗ್‌ನಲ್ಲಿ ಇಬ್ಬಿಬ್ಬರು ಮಾತಾಡಿಕೊಳ್ಳಲು ಬಿಡುವುದು, ತಾವು ಕೊನೆಗೆ ಮಾತಾಡುವುದು.

ತರಗತಿಯಲ್ಲೂ ಇದೇ ಕತೆ ಅಲ್ವಾ? ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಅಧ್ಯಯನ ಮಾಡಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ದೊಡ್ಡವರ ಮೀಟಿಂಗ್ ಬೇರೆ ಏನಲ್ಲ.

ಕ್ರಿಸ್ ಆರ್ಗಿರಿಸ್, ಡೊನಾಲ್ಡ್ ಶೋನ್ ಇಬ್ಬರೂ 1974ರಲ್ಲೇ ಈ ಮಾತು ಹೇಳಿದ್ದರು. ನಾವು ಹೀಗೆ ಮಾಡುತ್ತೇವೆ ಅಂತ ನಂಬಿರುವುದು ಒಂದು, ನಿಜವಾಗಿ ನಮ್ಮನ್ನು ನಡೆಸುವುದು ಇನ್ನೊಂದು. ಆ ಅಂತರ ನಮಗೆ ನಾವೇ ನೋಡಿಕೊಂಡರೆ ಕಾಣುವುದಿಲ್ಲ. ಪಕ್ಕದಲ್ಲಿ ನೋಡುವವರು ಬೇಕು.

ಮೇಡಂ, ಒಂದು ಕೆಲಸ ಮಾಡಿ. ಆ ಹಿರಿಯ ಮೇಡಂಗೆ ನೀವು ಹೇಳಬೇಕು ಅಂದುಕೊಂಡಿರುವ ಮಾತನ್ನು ಇಲ್ಲೇ ಬರೆಯಿರಿ. ನಾಲ್ಕು ಜನ ನೋಡೋಣ.

ಹೊಸ ಎಚ್‌ಎಂ

ಸರಿ. ಮನಸ್ಸಿನಲ್ಲಿರುವುದು ಇದು: "ಮೇಡಂ, ನಿಮ್ಮ ಪಾಠ ತುಂಬಾ ಚೆನ್ನಾಗಿದೆ, ಅನುಭವ ಎದ್ದು ಕಾಣುತ್ತೆ. ಆದ್ರೆ ಮಕ್ಕಳನ್ನ ಇನ್ನೂ ಸ್ವಲ್ಪ ಜಾಸ್ತಿ ತೊಡಗಿಸಿಕೊಂಡ್ರೆ ಒಳ್ಳೇದು, ಅಲ್ವಾ?"

ಗಣಿತ ಟೀಚರ್

ನಾನು ಕೇಳಿಸಿಕೊಳ್ಳುವ ಕಡೆಯವಳು. ನನಗೆ ಯಾರಾದರೂ ಹೀಗೆ ಹೇಳಿದರೆ ಮೊದಲ ವಾಕ್ಯ ಹೊಗಳಿಕೆ ಅಂತ ಇಟ್ಟುಕೊಳ್ಳುತ್ತೇನೆ, ಎರಡನೆಯದು ಎಲ್ಲರಿಗೂ ಹೇಳುವ ಮಾತು ಅಂತ ಬಿಟ್ಟುಬಿಡುತ್ತೇನೆ. "ತೊಡಗಿಸಿಕೊಳ್ಳಿ" ಅಂದರೆ ನಾಳೆ ಬೆಳಿಗ್ಗೆ ನಾನು ಏನು ಮಾಡಬೇಕು? ಗೊತ್ತಾಗುವುದಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ

ಹೌದು. ಪಾಠ ಚೆನ್ನಾಗಿದೆ ಅಂತ ನಿಮಗೇ ಅನ್ನಿಸಿಲ್ಲ, ಅಲ್ವಾ? ಹಾಗಿದ್ದರೆ ಅದನ್ನು ಹೇಳಬೇಡಿ. ಗೌರವ ಕೊಡಲು ಬೇರೆ ದಾರಿ ಇದೆ.

ಶಾಲಾ ಕೋಚ್

ಮೂರು ಪ್ರಶ್ನೆ ಕೇಳುತ್ತೇನೆ. ನೀವು ಕಣ್ಣಾರೆ ಕಂಡದ್ದು ಏನು? ಅದರಲ್ಲಿ ನಿಮಗೆ ಚಿಂತೆ ತಂದದ್ದು ಯಾವುದು? ಮೇಡಂ ಹಾಗೆ ಮಾಡಲು ನಿಮಗೆ ಗೊತ್ತಿಲ್ಲದ ಕಾರಣ ಇರಬಹುದಾ? ಮೂರನೆಯದಕ್ಕೆ ಉತ್ತರ ನಿಮ್ಮ ಹತ್ತಿರ ಇಲ್ಲ, ಅವರ ಹತ್ತಿರ ಇದೆ. ಹಾಗಾಗಿ ನಿಮ್ಮ ಮಾತು ಪ್ರಶ್ನೆಯಲ್ಲಿ ಮುಗಿಯಬೇಕು. ಸುಮ್ನೆ ತೋರಿಕೆಗೆ ಕೇಳುವ ಪ್ರಶ್ನೆ ಆಗಬಾರದು.

ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಶಾಲಾ ಮುಖ್ಯಸ್ಥರ ಇಂಥ ಮಾತುಕತೆಗಳ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಮೆತ್ತಗೆ ಸುತ್ತಿ ಬಳಸಿ ಹೇಳುವುದು ಒಂದು ತುದಿ, ಖಡಾಖಂಡಿತ ಹೇಳಿಬಿಡುವುದು ಇನ್ನೊಂದು ತುದಿ. ಎರಡರಲ್ಲೂ ಒಂದೇ ತೊಂದರೆ ಅನ್ನುತ್ತಾರೆ ಅವರು. ಹೇಳುವವರು ತಮ್ಮ ತೀರ್ಮಾನವನ್ನು ಪರೀಕ್ಷೆಗೆ ಒಡ್ಡುವುದೇ ಇಲ್ಲ.

ಹೊಸ ಎಚ್‌ಎಂ

ಹೀಗಾದರೆ? "ಮೇಡಂ, ಮೊನ್ನೆ ಏಳನೇ ತರಗತಿಯಲ್ಲಿ ಕೂತಿದ್ದೆ. ಪಿರಿಯಡ್ ಪೂರ್ತಿ ಮಕ್ಕಳು ಬರ್ಕೊಂಡ್ರು. ನನ್ನ ಪಕ್ಕ ಇದ್ದ ಮಕ್ಕಳನ್ನ ಬರೆದದ್ದರ ಅರ್ಥ ಏನು ಅಂತ ಕೇಳಿದೆ, ಅವರಿಗೆ ಹೇಳೋಕೆ ಆಗಲಿಲ್ಲ. ನನಗೆ ಅದು ಚಿಂತೆ ಆಗಿದೆ. ನಿಮಗೆ ಹೇಗೆ ಕಾಣ್ತಿದೆ?"

ಗಣಿತ ಟೀಚರ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಮೊದಲನೆಯದಕ್ಕೆ ತಲೆ ಆಡಿಸಿ ಹೋಗುತ್ತಿದ್ದೆ.

ಶಾಲಾ ಕೋಚ್

ಈಗ ಇದನ್ನು ಬಾಯಿಬಿಟ್ಟು ಹೇಳಿ ನೋಡಬೇಕು. ಬೇರೆ ಶಾಲೆಯ ಎಚ್‌ಎಂ ಒಬ್ಬರನ್ನು ಆ ಮೇಡಂ ಜಾಗದಲ್ಲಿ ಕೂರಿಸಿ. ಆಕೆಯ ಹೆಸರು ಹೇಳಬೇಡಿ. ಅವರು ಬೇಕಂತಲೇ ಸಿಟ್ಟಾಗಲಿ, ಇನ್ನೊಂದು ಸಲ ಕಣ್ಣೀರು ಹಾಕಲಿ, ಮತ್ತೊಂದು ಸಲ ಮಾತೇ ಆಡದಿರಲಿ. ಕಾಗದದ ಮೇಲಿನ ಮಾತು ನಾಲಿಗೆಗೆ ಬರುವಾಗ ಬದಲಾಗುತ್ತದೆ. ತಾಲೀಮು ಇಲ್ಲದೆ ರಂಗಕ್ಕೆ ಹೋಗಬಾರದು.

ಅನುಮಾನವಿದೆ

ಕ್ಷಮಿಸಿ, ಇದೆಲ್ಲ ಕೇಳಲು ಹಿತವಾಗಿದೆ. ಮಕ್ಕಳಿಗೆ ಏನಾದರೂ ತಲುಪುತ್ತದೆಯೇ? ಅದಕ್ಕೆ ಆಧಾರ ಏನು? ಮಾತಾಡಿಕೊಂಡು ಹಗುರಾಗುವುದು ಬೇರೆ, ಶಾಲೆ ಸುಧಾರಿಸುವುದು ಬೇರೆ.

ಶಿಕ್ಷಣ ಸಂಶೋಧನೆ ಓದುಗ

ಕೇಳಬೇಕಾದ ಪ್ರಶ್ನೆಯೇ ಇದು. ಗಟ್ಟಿ ಇರುವುದನ್ನು ಹೇಳುತ್ತೇನೆ.

ಮುಖ್ಯಸ್ಥರಿಂದ ಮಕ್ಕಳ ಕಲಿಕೆಗೆ ವ್ಯತ್ಯಾಸ ಆಗುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ. ಕೆನೆತ್ ಲೀತ್‌ವುಡ್ ಮತ್ತು ಜೊತೆಗಾರರು 2004ರಲ್ಲಿ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ನೋಡಿದರು. ಶಾಲೆಯೊಳಗಿನ ಕಾರಣಗಳಲ್ಲಿ ತರಗತಿಯ ಪಾಠ ಮೊದಲನೆಯದು, ನಾಯಕತ್ವ ಎರಡನೆಯದು ಅಂದರು. 2021ರಲ್ಲಿ ಗ್ರಿಸಮ್, ಎಗಲೈಟ್, ಲಿಂಡ್ಸೇ ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಸರಾಸರಿಗಿಂತ ಕೆಳಗಿರುವ ಪ್ರಿನ್ಸಿಪಾಲರ ಜಾಗಕ್ಕೆ ಸರಾಸರಿಗಿಂತ ಮೇಲಿರುವವರು ಬಂದರೆ ಗಣಿತ ಮತ್ತು ಓದಿನಲ್ಲಿ ವರ್ಷಕ್ಕೆ ಹತ್ತಿರಹತ್ತಿರ 3 ತಿಂಗಳ ಹೆಚ್ಚುವರಿ ಕಲಿಕೆ ಅಂತ ಲೆಕ್ಕ ಹಾಕಿದರು. ಅದೂ ಒಂದು ತರಗತಿಗೆ ಅಲ್ಲ, ಇಡೀ ಶಾಲೆಗೆ.

ಕೋಚಿಂಗ್ ವಿಷಯಕ್ಕೆ ಬಂದರೆ, ಶಿಕ್ಷಕರ ಕೋಚಿಂಗ್‌ಗೆ ಒಳ್ಳೆಯ ಆಧಾರ ಇದೆ. 2018ರಲ್ಲಿ ಕ್ರಾಫ್ಟ್, ಬ್ಲೇಜರ್, ಹೋಗನ್ 60 ಅಧ್ಯಯನಗಳನ್ನು ಸೇರಿಸಿ ನೋಡಿದರು. ಬೋಧನೆಯ ಗುಣಮಟ್ಟದ ಮೇಲೆ 0.49, ಮಕ್ಕಳ ಕಲಿಕೆಯ ಮೇಲೆ 0.18 ಪ್ರಮಾಣಿತ ವಿಚಲನೆಯಷ್ಟು (ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಪರಿಣಾಮ. ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಕಡಿಮೆ ಆಗುತ್ತದೆ ಎಂಬುದನ್ನೂ ಅವರೇ ಹೇಳಿದ್ದಾರೆ. ಸಾವಿರಾರು ಜನರಿಗೆ ಒಟ್ಟಿಗೆ ಮಾಡಲು ಹೋದರೆ ನುರಿತ ಕೋಚ್‌ಗಳು ಸಿಗುವುದೇ ಕಷ್ಟ.

ಇನ್ನು ಮುಖ್ಯಸ್ಥರ ಕೋಚಿಂಗ್. ಇಲ್ಲಿ ಅನುಮಾನದವರ ಮಾತಿಗೆ ತೂಕ ಇದೆ. ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ವಿಭಾಗ 2019ರಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಹೊರತಂದಿತು. 8 ಜಿಲ್ಲೆಗಳು, 100 ಪ್ರಾಥಮಿಕ ಶಾಲೆಗಳು. ಪ್ರಿನ್ಸಿಪಾಲರಿಗೆ 2 ವರ್ಷದಲ್ಲಿ ಸುಮಾರು 200 ಗಂಟೆ ತರಬೇತಿ, ಅದರಲ್ಲಿ ಅರ್ಧದಷ್ಟು ಒಬ್ಬೊಬ್ಬರಿಗೇ ಕೋಚಿಂಗ್. ಮಕ್ಕಳ ಅಂಕಗಳಲ್ಲಿ ಸುಧಾರಣೆ ಕಾಣಲಿಲ್ಲ. ಯಾಕೆ ಅಂತ ನೋಡಿದರೆ, ಆ ಶಾಲೆಗಳ ಶಿಕ್ಷಕರಿಗೆ ಪ್ರಿನ್ಸಿಪಾಲರಿಂದ ಸಿಗುವ ಫೀಡ್‌ಬ್ಯಾಕೇ ಹೆಚ್ಚಾಗಿರಲಿಲ್ಲ.

ಅನುಮಾನವಿದೆ

ನೋಡಿ, ನಾನು ಹೇಳಿದ್ದು ಇದನ್ನೇ. 200 ಗಂಟೆ ಕೊಟ್ಟರೂ ತರಗತಿಗೆ ತಲುಪಲಿಲ್ಲ.

ಶಾಲಾ ಕೋಚ್

ಆ ಅಧ್ಯಯನವನ್ನು ನಮ್ಮ ಕೆಲಸದವರೆಲ್ಲ ಓದಬೇಕು. ನನಗೆ ಅದರಿಂದ ಅರ್ಥವಾಗುವುದು ಇಷ್ಟು: ಎಷ್ಟು ಗಂಟೆ ಕೊಟ್ಟೆವು ಅಂತ ಎಣಿಸಿ ಫಲವಿಲ್ಲ. ಎಚ್‌ಎಂ ಮಾಡುವ ಒಂದು ಕೆಲಸ ಬದಲಾಯಿತೇ, ಅದು ಟೀಚರ್‌ಗೆ ಗೊತ್ತಾಯಿತೇ, ತರಗತಿಯಲ್ಲಿ ಕಂಡಿತೇ? ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಮಗುವಿಗೆ ಏನೂ ತಲುಪುವುದಿಲ್ಲ. ಆದ್ದರಿಂದ ಕೋಚ್ ಟೀಚರುಗಳನ್ನೂ ಕೇಳಬೇಕು. "ಈ ತಿಂಗಳು ನಿಮ್ಮ ಪಾಠದ ಬಗ್ಗೆ ಎಚ್‌ಎಂ ಜೊತೆ ಮಾತಾಯಿತಾ? ಅದರಿಂದ ನೀವು ಏನಾದರೂ ಬದಲಾಯಿಸಿದಿರಾ?"

ಬ್ರೂಸ್ ಜಾಯ್ಸ್, ಬೆವರ್ಲಿ ಶವರ್ಸ್ 1980ರ ದಶಕದ ಆರಂಭದಲ್ಲೇ ಶಿಕ್ಷಕರ ವಿಷಯದಲ್ಲಿ ಹೇಳಿದ್ದು ಕೂಡ ಇದೇ. ಉಪನ್ಯಾಸ ಕೇಳಿ, ಮಾಡಿ ತೋರಿಸಿದ್ದನ್ನು ನೋಡಿ ತಿಳಿವಳಿಕೆ ಬರುತ್ತದೆ. ಸ್ವಂತ ತರಗತಿಯಲ್ಲಿ ಅದು ಬಳಕೆಗೆ ಬರಬೇಕಾದರೆ ಅಲ್ಲಿಗೇ ಬಂದು ಜೊತೆಗಿರುವವರು ಬೇಕು.

ಮಂಡಳಿ ಸದಸ್ಯೆ

ನಾನು ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಕೋಚ್‌ಗೆ ದುಡ್ಡು ಕೊಡುವವರು ನಾವು. ಎಚ್‌ಎಂ ಎಲ್ಲಿ ಹಿಂದಿದ್ದಾರೆ ಅಂತ ಕೋಚ್ ನಮಗೆ ವರದಿ ಕೊಡಬೇಡವೇ? ಕೇಳುವುದು ತಪ್ಪಾ?

ಶಾಲಾ ಕೋಚ್

ಕೇಳುವುದು ತಪ್ಪಲ್ಲ ಮೇಡಂ. ಆದರೆ ಆ ವರದಿ ಬಂದ ದಿನವೇ ಕೋಚಿಂಗ್ ನಿಂತುಹೋಗುತ್ತದೆ. ಎಚ್‌ಎಂ ಮರುದಿನದಿಂದ ನನ್ನ ಹತ್ತಿರ ಗೆದ್ದ ಕತೆ ಮಾತ್ರ ಹೇಳುತ್ತಾರೆ. ಈ ಮೇಡಂ ಶುರುವಿನಲ್ಲೇ ಬರೆದಿದ್ದಾರೆ ನೋಡಿ, ಮೇಲಿನವರನ್ನು ಕೇಳಿದರೆ ಕೈಲಾಗುವುದಿಲ್ಲ ಅಂದುಕೊಳ್ಳುತ್ತಾರೆ ಅಂತ. ಆ ಭಯ ಇರುವ ಕಡೆ ಯಾರೂ ಕಲಿಯುವುದಿಲ್ಲ. ಮೌಲ್ಯಮಾಪನ ನಿಮ್ಮ ಹಕ್ಕು, ಅದನ್ನು ನೀವೇ ಬೇರೆಯಾಗಿ ಮಾಡಿ. ಕೋಚ್ ಕೈಯಲ್ಲಿ ಮಾಡಿಸಬೇಡಿ.

ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಮೊದಲ ದಿನ ಮಂಡಳಿಯವರು, ಎಚ್‌ಎಂ, ನಾನು ಮೂವರೂ ಕೂರುತ್ತೇವೆ. ಯಾವ ಕೆಲಸದ ಮೇಲೆ ಗಮನ ಅಂತ ಎಲ್ಲರೆದುರೇ ತೀರ್ಮಾನ ಆಗುತ್ತದೆ. ಆಮೇಲೆ ಎಷ್ಟು ಸಲ ಸೇರಿದೆವು ಎಂಬುದು ಮಂಡಳಿಗೆ ತಿಳಿಯುತ್ತದೆ, ಏನು ಮಾತಾಡಿದೆವು ಎಂಬುದು ತಿಳಿಯುವುದಿಲ್ಲ. ವರ್ಷದ ಕೊನೆಗೆ ತಾವು ಏನು ಕಲಿತರು ಅಂತ ಎಚ್‌ಎಂ ತಾವೇ ಬಂದು ಹೇಳುತ್ತಾರೆ. ಒಂದೇ ಒಂದು ವಿನಾಯಿತಿ: ಮಗುವಿನ ಸುರಕ್ಷತೆಗೆ ಅಪಾಯ ಇರುವ ಸಂಗತಿ ತಿಳಿದರೆ ಗುಟ್ಟಾಗಿ ಇಡುವುದಿಲ್ಲ. ಅದನ್ನೂ ಮೊದಲ ದಿನವೇ ಹೇಳಿರುತ್ತೇನೆ.

ಮಂಡಳಿ ಸದಸ್ಯೆ

ಇದು ನನಗೆ ಹೊಳೆದಿರಲಿಲ್ಲ. ನಮ್ಮ ಮುಂದಿನ ಸಭೆಯಲ್ಲಿ ಇಡುತ್ತೇನೆ.

ಸಹಾಯಕ ಮುಖ್ಯ ಶಿಕ್ಷಕ

ನಿವೃತ್ತ ಸರ್ ಬೇಸರ ಮಾಡಿಕೊಳ್ಳಬಾರದು. ಒಂದು ಮಾತು. ಹಿರಿಯ ಮೆಂಟರ್‌ಗಳಲ್ಲಿ ಕೆಲವರು ಬಂದ ಕೂಡಲೇ "ನಮ್ಮ ಕಾಲದಲ್ಲಿ ಹೀಗೆ ಮಾಡುತ್ತಿದ್ದೆವು" ಅಂತ ಶುರು ಮಾಡುತ್ತಾರೆ. ಎದುರಿಗಿರುವವರನ್ನು ತಮ್ಮ ಪಡಿಯಚ್ಚು ಮಾಡಲು ನೋಡುತ್ತಾರೆ. ಅವರಿಗೆ ಒಪ್ಪುತ್ತಿದ್ದ ಗಡಸು ದನಿ ನನ್ನಂಥವನ ಬಾಯಲ್ಲಿ ಒಪ್ಪುವುದಿಲ್ಲ. ಬೇಡ ಅನ್ನಲು ಸಂಕೋಚ. ಹಿರಿಯರು ಅಲ್ವಾ?

ನಿವೃತ್ತ ಮುಖ್ಯೋಪಾಧ್ಯಾಯ

ಬೇಸರ ಏನಿಲ್ಲಪ್ಪ, ಸರಿಯಾಗಿಯೇ ಹೇಳಿದ್ದೀರಿ. ಒಳ್ಳೆಯ ಎಚ್‌ಎಂ ಆಗಿದ್ದವರೆಲ್ಲ ಒಳ್ಳೆಯ ಮೆಂಟರ್ ಆಗುವುದಿಲ್ಲ. ಅದು ಬೇರೆಯೇ ಕಸುಬು, ಅದಕ್ಕೂ ಕಲಿಕೆ ಬೇಕು. ಸುಮ್ಮನೆ ಕೇಳಿಸಿಕೊಳ್ಳುವುದು ನಮ್ಮಂಥವರಿಗೆ ಅಭ್ಯಾಸ ಇರುವುದಿಲ್ಲ, ಅದನ್ನು ಕೂತು ಕಲಿಯಬೇಕು. ಜೋಡಿ ಮಾಡುವಾಗ ಹತ್ತಿರದ ಶಾಲೆ, ಖಾಲಿ ಇರುವವರು ಅಂತ ನೋಡಿ ಹಚ್ಚಿಬಿಡುತ್ತಾರೆ. ಅದು ತಪ್ಪು. ಇಬ್ಬರಿಗೂ ಒಂದೆರಡು ಭೇಟಿ ಆದ ಮೇಲೆ ಬದಲಾಯಿಸಿಕೊಳ್ಳುವ ಅವಕಾಶ ಇರಬೇಕು, ಯಾಕೆ ಅಂತ ಯಾರೂ ಕೇಳಬಾರದು. ಆಗ ಸಂಕೋಚದ ಪ್ರಶ್ನೆ ಬರುವುದಿಲ್ಲ.

ಮುಗಿಸುವ ದಿನವನ್ನೂ ಮೊದಲೇ ಹೇಳಿರಬೇಕು. ವರ್ಷಗಟ್ಟಲೆ ಪ್ರತಿಯೊಂದಕ್ಕೂ ಮೆಂಟರ್‌ಗೆ ಫೋನ್ ಮಾಡುತ್ತಿದ್ದರೆ ನಾವು ನಾಯಕರನ್ನು ಬೆಳೆಸಿದ ಹಾಗಲ್ಲ.

ಸಹಾಯಕ ಮುಖ್ಯ ಶಿಕ್ಷಕ

ಧನ್ಯವಾದ ಸರ್. ಕೋಚ್, ಮೆಂಟರ್ ಯಾರೂ ಸಿಗದವರು ಏನು ಮಾಡಬೇಕು?

ಶಿಕ್ಷಣ ಸಂಶೋಧನೆ ಓದುಗ

ಐದಾರು ಎಚ್‌ಎಂಗಳು ಸೇರಿ ಗುಂಪು ಮಾಡಿಕೊಳ್ಳಬಹುದು. ಆದರೆ ಕ್ರಮ ಇಲ್ಲದಿದ್ದರೆ ಅದು ದೂರು ಹೇಳಿಕೊಳ್ಳುವ ಕೂಟ ಆಗಿಬಿಡುತ್ತದೆ. ಚೆನ್ನಾಗಿ ನಡೆಯುವ ಒಂದು ಪದ್ಧತಿ ಇದೆ. ಒಬ್ಬರು ತಮ್ಮ ಸಮಸ್ಯೆಯನ್ನು ಹತ್ತು ನಿಮಿಷ ಹೇಳುತ್ತಾರೆ. ಉಳಿದವರು ಪ್ರಶ್ನೆ ಮಾತ್ರ ಕೇಳಬಹುದು, ಸಲಹೆ ಕೊಡುವಂತಿಲ್ಲ. ಆಮೇಲೆ ಸಮಸ್ಯೆ ಹೇಳಿದವರು ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತಾರೆ, ಉಳಿದವರು ತಮ್ಮತಮ್ಮಲ್ಲೇ ಅದರ ಬಗ್ಗೆ ಮಾತಾಡುತ್ತಾರೆ. ಕೊನೆಗೆ ಅವರು ಮಾತಿಗೆ ಮರಳಿ ತಮಗೆ ಏನು ಹೊಸದಾಗಿ ಕಂಡಿತು, ಏನು ಮಾಡುತ್ತಾರೆ ಅಂತ ಹೇಳುತ್ತಾರೆ. ಸುಮ್ಮನೆ ಕೂರುವ ಭಾಗವೇ ಕಷ್ಟ, ಫಲ ಸಿಗುವುದೂ ಅಲ್ಲೇ. ಸಮರ್ಥಿಸಿಕೊಳ್ಳುವ ಅವಕಾಶ ಇಲ್ಲದಾಗ ಕಿವಿ ತೆರೆಯುತ್ತದೆ.

ಹೊಸ ಎಚ್‌ಎಂ

ಆ ಹಿರಿಯ ಮೇಡಂ ಜೊತೆ ಮಾತಾಡಿದೆ. ಪಕ್ಕದ ಶಾಲೆಯ ಎಚ್‌ಎಂ ಜೊತೆ ತಾಲೀಮು ಮಾಡಿಕೊಂಡೇ ಹೋಗಿದ್ದೆ. ನನ್ನ ಮಾತು ಮುಗಿಸಿ ಕಾದೆ. ಅವರು ಕೊಟ್ಟ ಉತ್ತರ ನಾನು ಯೋಚಿಸಿಯೇ ಇರಲಿಲ್ಲ. "ನೋಟ್ಸ್ ಪೂರ್ತಿ ಇಲ್ಲ ಅಂದ್ರೆ ನೋಟ್‌ಬುಕ್ ತಪಾಸಣೆಯಲ್ಲಿ ಕೆಂಪು ಶಾಯಿಯಲ್ಲಿ ಬರೀತಾರೆ. ಪೋಷಕರೂ ನೋಟ್‌ಬುಕ್ಕೇ ನೋಡೋದು. ನಾನು ಮಕ್ಕಳ ಹತ್ರ ಮಾತಾಡಿಸ್ತಾ ಕೂತ್ರೆ ಬರೆಸೋದು ಯಾವಾಗ?"

ಆ ತಪಾಸಣೆ ನಮ್ಮ ಶಾಲೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಎಷ್ಟು ಪುಟ ತುಂಬಿದೆ ಅಂತ ನೋಡುತ್ತಾರೆ. ಈಗ ಅದನ್ನೇ ಬದಲಾಯಿಸುವ ಬಗ್ಗೆ ಮೇಡಂ ಜೊತೆ ಸೇರಿ ಒಂದು ಪ್ರಸ್ತಾಪ ಬರೆಯುತ್ತಿದ್ದೇನೆ. ಪಾಠ ಇನ್ನೂ ಬದಲಾಗಿಲ್ಲ. ಆದರೆ ವಾರಕ್ಕೊಂದು ಪಿರಿಯಡ್ ಬರೆಸದೆ ನಡೆಸಿ ನೋಡುತ್ತೇನೆ, ನೀವೂ ಬಂದು ಕೂತ್ಕೊಳ್ಳಿ ಅಂದಿದ್ದಾರೆ.

ಶಾಲಾ ಕೋಚ್

ಎಷ್ಟು ಖುಷಿಯಾಯಿತು ಗೊತ್ತಾ ಮೇಡಂ! ಮೊದಲಿನ ವಾಕ್ಯ ಹೇಳಿದ್ದರೆ ಈ ತಪಾಸಣೆಯ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ. ಆ ಪಿರಿಯಡ್‌ಗೆ ತಪ್ಪದೆ ಹೋಗಿ. ಅವರು ಕರೆದ ದಿನ ಬೇರೆ ಕೆಲಸ ಬಂದರೂ ಬಿಡಿ.

ಅನುಮಾನವಿದೆ

ಇಷ್ಟು ನಿರ್ದಿಷ್ಟವಾಗಿ ನಡೆಯುವುದಾದರೆ ನನ್ನ ತಕರಾರಿಲ್ಲ.

ಹೊಸ ಎಚ್‌ಎಂ

ಹಾಗಾದರೆ ಮಂಡಳಿಗೆ ಏನು ಹೇಳಲಿ? ಮೆಂಟರಾ, ಕೋಚಾ? ಆಯ್ಕೆ ಮಾಡುವಾಗ ಅವರನ್ನು ಏನು ಕೇಳಬೇಕು?

ನಿವೃತ್ತ ಮುಖ್ಯೋಪಾಧ್ಯಾಯ

ಮೊದಲ ಆರು ತಿಂಗಳು ಮೆಂಟರ್ ಕೇಳಿ. ದಿನದ ಕೆಲಸ ಕೈಗೆ ಹತ್ತಿದ ಮೇಲೆ ಕೋಚ್. ಒಬ್ಬರೇ ಎರಡನ್ನೂ ಮಾಡಬಲ್ಲವರು ಇದ್ದಾರೆ. ಅಂಥವರು ಸಿಕ್ಕರೆ "ಈಗ ಸಲಹೆ ಹೇಳುತ್ತಿದ್ದೇನೆ, ಈಗ ಕೇಳುತ್ತಿದ್ದೇನೆ" ಅಂತ ಬಾಯಿಬಿಟ್ಟು ಹೇಳುವವರಾಗಿರಲಿ.

ಶಾಲಾ ಕೋಚ್

ಭೇಟಿಯ ದಿನಗಳನ್ನು ಟೈಮ್‌ಟೇಬಲ್ ಮಾಡುವಾಗಲೇ ಹಾಕಿಸಿಕೊಳ್ಳಿ. "ಬಿಡುವಾದಾಗ ಸೇರೋಣ" ಅಂದರೆ ಎಚ್‌ಎಂಗೆ ಬಿಡುವು ಆಗುವುದೇ ಇಲ್ಲ. ಶಾಲೆ ನಡೆಯುವ ಹೊತ್ತಿನಲ್ಲೇ ಬರಲಿ, ತರಗತಿಗೂ ಸ್ಟಾಫ್ ಮೀಟಿಂಗ್‌ಗೂ ಬಂದು ಕೂರಲು ತಯಾರಿರಲಿ.

ಆಯ್ಕೆ ಮಾಡುವಾಗ ಒಂದು ಪ್ರಶ್ನೆ ಸಾಕು: "ನಿಮಗೆ ತುಂಬಾ ಕಷ್ಟವಾದ ಒಬ್ಬ ಎಚ್‌ಎಂ ಜೊತೆ ಹೇಗೆ ಕೆಲಸ ಮಾಡಿದಿರಿ?" ತಾವು ಏನು ಪ್ರಯತ್ನ ಮಾಡಿದರು, ಏನು ಫಲಿಸಲಿಲ್ಲ ಅಂತ ಹೇಳಿದರೆ ಮಾತು ಮುಂದುವರಿಸಿ. ಆ ಎಚ್‌ಎಂ ಯಾರು, ಯಾವ ಶಾಲೆ ಅಂತ ನಿಮಗೆ ಗೊತ್ತಾಗುವ ಹಾಗೆ ಕತೆ ಹೇಳಿದರೆ, ಎಷ್ಟೇ ಹೆಸರು ಮಾಡಿದವರಾಗಿರಲಿ, ಅವರನ್ನು ತೆಗೆದುಕೊಳ್ಳಬೇಡಿ. ನಾಳೆ ನಿಮ್ಮ ಮಾತನ್ನೂ ಇನ್ನೊಬ್ಬರ ಮುಂದೆ ಹಾಗೆಯೇ ಹೇಳುತ್ತಾರೆ.